ಕಾಪಿಯಲ್ಲಿಲ್ಲದ ಮಾತು

ಒದ್ದೆ ಹೊದಿಕೆಯ ಒಂದು ತುದಿಯನ್ನು ಅಂಗಳದ ನಲ್ಲಿಗೆ ಗಂಟು ಹಾಕಿ, ಇನ್ನೊಂದು ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಪ್ರೂಫಕ್ಕ ತಿರುಚುತ್ತಿದ್ದಳು. ಹೊದಿಕೆ ಹಿಂಡುವುದಕ್ಕೆ ಇಬ್ಬರು ಬೇಕು. ಒಬ್ಬಳೇ ಇರುವ ಮನೆಯಲ್ಲಿ ನಲ್ಲಿಯೇ ಎರಡನೆಯ ಜನ.

"ನಲ್ಲಿ ಕಿತ್ಕೊಂಡು ಬಂದೀತು, ಬಿಡಿ ಅಕ್ಕಾ," ಎನ್ನುತ್ತ ಒಳಬಂದ ಬೋಧಕರ ಮಗಳು ಗಂಟು ಬಿಚ್ಚಿ ಆ ತುದಿಯನ್ನು ತಾನು ಹಿಡಿದುಕೊಂಡಳು. "ಎಲ್ಲಿಗೆ ಬಂತು ಕಥೆ?"

"ಸಿಪಾಯಿ ಬಾಗಿಲು ಬಿಟ್ಟು ಅಲ್ಲಾಡ್ತಿಲ್ಲ ಕಣೆ."

"ಯುದ್ಧಕ್ಕೆ ಕಳಿಸಿ."

"ಮೂರು ಸಲ ಕಳಿಸಿದೆ. ಒಂದು ಸಲ ಕೊಂದೇ ಹಾಕಿದೆ. ಬೆಳಗ್ಗೆ ಎದ್ದು ಹಾಳೆ ತೆಗೆದ್ರೆ ಮತ್ತೆ ಅಲ್ಲೇ ನಿಂತಿದಾನೆ."

ಹುಡುಗಿ ನಕ್ಕಳು. ಪ್ರೂಫಕ್ಕ ನಗಲಿಲ್ಲ.

ಪ್ರಾರ್ಥನಾ ಮಂದಿರದ ಅಚ್ಚುಕೂಟದಲ್ಲಿ ಮೂವತ್ತು ವರ್ಷ ಪ್ರೂಫ್ ತಿದ್ದಿದವಳು ಅವಳು. ಬೀದಿಯವರೆಲ್ಲ ಕರೆದು ಕರೆದು ಆ ಹೆಸರೇ ನಿಂತುಬಿಟ್ಟಿತ್ತು. ಬೋಧಕರು ಬೆಳಗ್ಗೆ ಪ್ರವಚನ ಮಾಡುತ್ತಿದ್ದರು, ಮಧ್ಯಾಹ್ನ ಕಾದಂಬರಿ ಬರೆಯುತ್ತಿದ್ದರು. ದೀಪ ಕಾಯುವವನ ಮಗಳು ಮತ್ತು ಸಾಮ್ರಾಜ್ಯದ ಸಿಪಾಯಿಯ ಪ್ರೇಮದ ಅವರ ಪುಸ್ತಕ ಓದದ ಮನೆಯಿರಲಿಲ್ಲ. ಎರಡನೆಯ ಭಾಗದ ಹದಿನಾಲ್ಕನೇ ಅಧ್ಯಾಯದಲ್ಲಿ, ಗಡಿಯಿಂದ ಮರಳಿದ ಸಿಪಾಯಿ ಮತ್ತೆ ಅದೇ ಬಾಗಿಲಲ್ಲಿ ನಿಂತಲ್ಲಿಗೆ, ಅವರು ತೀರಿಕೊಂಡರು. "ಅಪ್ಪನ ಉಸಿರಾಟ ಕೂಡ ನಿಮಗೆ ಬಾಯಿಪಾಠ. ನೀವೇ ಮುಗಿಸಿ," ಎಂದು ಮಗಳು ಹಸ್ತಪ್ರತಿಯನ್ನು ತಂದು ಇವಳ ಮಡಿಲಿಗೆ ಹಾಕಿದ್ದಳು. ಅದಾಗಿ ಮೂರು ತಿಂಗಳು.

ಮೊದಲ ಭಾಗದ ಕಥೆ ಇಷ್ಟು. ತನ್ನ ಪ್ರತಿಮೆಯ ಮುಂದಲ್ಲದೆ ಬೇರೆ ಯಾವ ದೇವರ ಮುಂದೆಯೂ ದೀಪ ಉರಿಯಕೂಡದೆಂದು ಚಕ್ರವರ್ತಿಯ ಆಜ್ಞೆ. ಗುಡಿಯ ಬಾಗಿಲಿಗೆ ಒಬ್ಬ ಸಿಪಾಯಿಯ ಕಾವಲು. ಒಳಗೆ ದೀಪ ಕಾಯುವವನ ಮಗಳು. ಅವಳು ಕದ್ದು ದೀಪ ಹಚ್ಚುತ್ತಾಳೆ, ಅವನು ಕಂಡೂ ಕಾಣದವನಂತೆ ಬೀದಿಯ ಕಡೆ ಮುಖ ಮಾಡಿ ನಿಲ್ಲುತ್ತಾನೆ. ಒಂದು ಬೆಳಗ್ಗೆ ಮೆಟ್ಟಿಲ ಮೇಲೆ ಎಣ್ಣೆಯ ಕುಡಿಕೆ ಇರುತ್ತದೆ. ಇಟ್ಟವರು ಯಾರೆಂದು ಅವಳು ಕೇಳುವುದಿಲ್ಲ. ಕೊನೆಗೆ ಅವನ ದಳಕ್ಕೆ ಗಡಿಗೆ ಹೊರಡಲು ಅಪ್ಪಣೆಯಾಗುತ್ತದೆ. ಅವನು ಶಿರಸ್ತ್ರಾಣ ತೆಗೆದು ಬಾಗಿಲಲ್ಲಿ ನಿಂತು, ಒಂದೂ ಮಾತಾಡದೆ ಹೊರಟುಹೋಗುತ್ತಾನೆ.

ಬೋಧಕರು ಬರೆದದ್ದು ಅಷ್ಟೇ. ಅಚ್ಚಾದ ಪುಸ್ತಕದಲ್ಲಿ ಮಾತ್ರ ಸಿಪಾಯಿ ಹೊರಡುವ ಮುನ್ನ ಒಂದು ಮಾತಾಡುತ್ತಾನೆ.

ಆಗೆಲ್ಲ ಪ್ರೂಫ್ ನೋಡುವುದು ಇಬ್ಬರ ಕೆಲಸ. ಒಬ್ಬರು ಲೇಖಕರ ಕಾಪಿಯನ್ನು ಗಟ್ಟಿಯಾಗಿ ಓದಬೇಕು. ಎದುರು ಕೂತವರು ಅಚ್ಚಿನ ಹಾಳೆಯ ಮೇಲೆ ಕಣ್ಣಿಟ್ಟು, ಬಿಟ್ಟುಹೋದದ್ದನ್ನು ಅಂಚಿನಲ್ಲಿ ಬರೆಯಬೇಕು. ಅವಳಿಗೆ ಓದುತ್ತಿದ್ದವನನ್ನು ಎಲ್ಲರೂ ರೇಡಿಯೋ ಎನ್ನುತ್ತಿದ್ದರು. ಏರಿಳಿತವಿಲ್ಲದ, ಬೆಚ್ಚಗಿನ ದನಿ, ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್. ಅಲ್ಪವಿರಾಮ, ಪೂರ್ಣವಿರಾಮಗಳನ್ನೂ ಬಾಯಲ್ಲಿ ಹೇಳುವುದು ಆ ಕೆಲಸದ ರೂಢಿ. ಮಾತಿಗೂ ಅದು ಅಂಟಿಕೊಂಡಿತ್ತು.

"ಚಹಾ ತಣ್ಣಗಾಗ್ತಿದೆ ಅಲ್ಪವಿರಾಮ ಕುಡೀರಿ ಪೂರ್ಣವಿರಾಮ."

"ನಿಮ್ಮನೇಲೂ ಹೀಗೇ ಮಾತಾಡ್ತೀರಾ?"

"ಮನೇಲಿ ಯಾರಿದಾರೆ ಹೇಳಿ, ಪ್ರಶ್ನೆ ಚಿಹ್ನೆ."

ಅವಳು ನಗುವನ್ನು ಹಾಳೆಯ ಹಿಂದೆ ಬಚ್ಚಿಡುತ್ತಿದ್ದಳು. ಹಾಳೆ ನಡುಗುವುದು ಅವನಿಗೆ ಕಾಣುತ್ತಿತ್ತು.

ಅವಳು ವಾರವೂ ಪ್ರಾರ್ಥನೆ ತಪ್ಪಿಸದವಳು. ಅವನು ಮಂದಿರದ ಬಾಗಿಲವರೆಗೆ ಬಂದು, ಅವಳ ಕೊಡೆ ಹಿಡಿದು ಹೊರಗೇ ನಿಲ್ಲುವವನು. "ಒಳಗೆ ಬಂದ್ರೆ ದೇವರೇನು ಕಚ್ತಾನಾ?" ಎಂದರೆ, "ಪರಿಚಯ ಇಲ್ಲದವರ ಮನೆಗೆ ಹೇಗೆ ನುಗ್ಗೋದು?" ಎನ್ನುತ್ತಿದ್ದ.

ಆ ಕೊನೆಯ ಪುಟ ಓದುವ ದಿನ ಕೋಣೆಯಲ್ಲಿ ಹತ್ತು ಜನರಿದ್ದರು. ಪಿಸುಗುಟ್ಟಿದರೆ ಹತ್ತು ತಲೆ ತಿರುಗುತ್ತಿದ್ದವು. ಓದುವ ದನಿಗೆ ಮಾತ್ರ ಯಾರೂ ಕಿವಿಗೊಡುತ್ತಿರಲಿಲ್ಲ. ಅದೇ ಓದುವ ದನಿಯಲ್ಲಿ, ಪುಸ್ತಕದ ಭಾಷೆಯಲ್ಲಿ, ಅವನು ಹೇಳಿದ: "ನಿಮ್ಮ ದೇವರನ್ನೂ ಕರೆದುಕೊಂಡು ಬನ್ನಿ, ಪೂರ್ಣವಿರಾಮ. ನನ್ನ ಮನೆಯಲ್ಲಿ ಇಬ್ಬರಿಗೂ ಜಾಗವಿದೆ, ಪೂರ್ಣವಿರಾಮ."

ಅವಳ ಕಣ್ಣು ಹಾಳೆಯ ಮೇಲಿತ್ತು. ಹಾಳೆಯಲ್ಲಿ ಆ ಸಾಲು ಇರಲಿಲ್ಲ. ಅಭ್ಯಾಸಬಲದ ಕೈ ಅದನ್ನು ಅಂಚಿನಲ್ಲಿ ನೀಟಾಗಿ ಬರೆದು ಸೇರಿಸಿತು. ಅವಳು ಬರೆಯುವುದನ್ನು ಕಂಡು ಅವನು ಉತ್ತರವೆಂದುಕೊಂಡು ಕಾದ. ಅವಳು ಪುಟ ಮಗುಚಿ, "ಮುಂದೆ?" ಎಂದಳು.

ಪುಸ್ತಕ ಬೈಂಡಾಗಿ ಬಂದಾಗ ತಪ್ಪನ್ನು ಮೊದಲು ಹಿಡಿದವನು ಅಚ್ಚುಕೂಟದ ಫೋರ್‌ಮನ್. ಇಡೀ ಪುಸ್ತಕದಲ್ಲಿ ಆ ಹುಡುಗಿಯನ್ನು 'ನೀನು' ಎನ್ನುವ ಸಿಪಾಯಿ ಕೊನೆಯಲ್ಲಿ ಇದ್ದಕ್ಕಿದ್ದಂತೆ 'ನೀವು' ಎನ್ನುತ್ತಾನಲ್ಲ! ಕಾಪಿ ತರಿಸಿ ನೋಡಿದರೆ ಸಾಲೇ ಇಲ್ಲ. ಆ ಮಾತು ತನಗೇ ಹೇಳಿದ್ದೆಂದು ಅವಳಿಗೆ ಅರ್ಥವಾದದ್ದೂ ಆಗಲೇ.

"ಯಾರದಪ್ಪಾ ಈ ಕಿತಾಪತಿ?"

"ನಂದೇ ಸಾರ್. ಓದೋವಾಗ ಕಣ್ಣು ತಪ್ಪಿತು," ಎಂದ ರೇಡಿಯೋ.

ಬರೆದವಳು ತಾನು ಎಂದು ಅವಳು ಹೇಳಬಹುದಿತ್ತು. ಹೇಳಿದರೆ, ಯಾವ ಮಾತು ಯಾರಿಗೆ ಎಂಬುದೂ ಹೊರಬೀಳುತ್ತಿತ್ತು. ಅವಳ ಬಾಯಿಗೆ ಬೀಗ ಬಿತ್ತು. ಅವನ ಕೆಲಸ ಹೋಯಿತು. ಬುತ್ತಿ ಡಬ್ಬಿ ಹಿಡಿದು ಹೊರಟವನು ಅವಳ ಮೇಜಿನ ಬಳಿ ಒಂದು ಕ್ಷಣ ನಿಂತ.

"ತಪ್ಪು ನಂದೇ ಬಿಡಿ. ಆದ್ರೆ ಆ ಮಾತು ತಪ್ಪಲ್ಲ."

ಅವಳು ತಲೆ ಎತ್ತಲಿಲ್ಲ.

ತಿಂಗಳ ಮೇಲೆ ಇನ್ನೊಂದು ಪಟ್ಟಣದಿಂದ ಅವನ ವಿಳಾಸವಷ್ಟೇ ಇದ್ದ ಒಂದು ಕಾರ್ಡ್ ಬಂತು. ಅವಳು ಕೂತಲ್ಲೇ ಉತ್ತರ ಬರೆದಳು. ದೇವರನ್ನು ಒಂದು ಮಾತು ಕೇಳಿ ಕಳಿಸೋಣವೆಂದು ಪ್ರಾರ್ಥನಾ ಪುಸ್ತಕದೊಳಗಿಟ್ಟಳು. ಕೇಳುತ್ತ ಕೇಳುತ್ತ ಇಪ್ಪತ್ತಾರು ವರ್ಷ ಕಳೆದವು.

ಅಂದಿನಿಂದ ಆ ದನಿ ಅವಳನ್ನು ಬಿಟ್ಟಿಲ್ಲ. ಮಂದಿರದಲ್ಲಿ ಕಣ್ಣು ಮುಚ್ಚಿದರೆ ಬಾಗಿಲಲ್ಲಿ ಯಾರೋ ಕೊಡೆ ಹಿಡಿದು ನಿಂತಿರುತ್ತಾರೆ. ತಿರುಗಿದರೆ ಇಲ್ಲ. ಈಗಂತೂ ಬರೆಯಲು ಕೂತರೆ, ಎದುರಿನ ಖಾಲಿ ಸ್ಟೂಲಿನಿಂದ ಅವಳ ಸಾಲುಗಳನ್ನು ಅವಳಿಗಿಂತ ಮೊದಲು ಯಾರೋ ಓದುತ್ತಾರೆ. ಸಿಪಾಯಿಯನ್ನು ಕೊಂದ ದಿನ ಆ ದನಿ ಪೂರ್ಣವಿರಾಮ ಹೇಳಲಿಲ್ಲ. ಸುಮ್ಮನೆ ಉಸಿರಾಡುತ್ತ ಕೂತಿತ್ತು.

ಹೊದಿಕೆ ಹರವಿಯಾದ ಮೇಲೆ ಬೋಧಕರ ಮಗಳು ಸೆರಗಿಗೆ ಕೈ ಒರೆಸಿಕೊಂಡು ಚೀಲದಿಂದ ಒಂದು ಮಡಚಿದ ಹಾಳೆ ತೆಗೆದಳು.

"ಅಪ್ಪನ ಮೇಜು ಖಾಲಿ ಮಾಡ್ತಿದ್ದೆ. ಎರಡನೇ ಭಾಗದ ಟಿಪ್ಪಣಿ. ನನಗಂತೂ ತಲೆಬುಡ ಗೊತ್ತಾಗ್ಲಿಲ್ಲ."

ಬೋಧಕರ ಓರೆ ಅಕ್ಷರ. "ಸಿಪಾಯಿಯ ಆ ಮಾತು ನನ್ನದಲ್ಲ. ಅಚ್ಚಾದ ಮೇಲೆ ಓದಿ ತುಂಬ ಹೊತ್ತು ಸುಮ್ಮನೆ ಕೂತಿದ್ದೆ. ಮುಂದಿನ ಮುದ್ರಣಗಳಲ್ಲಿ ತೆಗೆಯಬೇಡಿ ಎಂದವನು ನಾನೇ. ಓದಿದ ಹುಡುಗನನ್ನು ವಾಪಸು ಕರೆಸಲು ಹೋದಾಗ ಅವನು ಊರು ಬಿಟ್ಟಿದ್ದ. ಹುಡುಗಿಯ ಉತ್ತರ ಬರೆಯಲು ವರ್ಷಗಟ್ಟಲೆ ಹೆಣಗಿದೆ, ಆಗಲಿಲ್ಲ. ಕೇಳಿಸಿಕೊಂಡವರು ಬೇರೆ. ಉತ್ತರ ಅವರ ಹತ್ತಿರ ಇರಬೇಕು."

ಪ್ರೂಫಕ್ಕ ಹಾಳೆ ಹಿಡಿದು ಒಗೆಯುವ ಕಲ್ಲಿನ ಮೇಲೆ ಕೂತು, ಮೊದಲಿನಿಂದ ಮತ್ತೆ ಓದಿದಳು.

"ಅಕ್ಕಾ, ಏನಾಯ್ತು?"

"ಆ ಸಾಲು ಬರೆದು ಸೇರಿಸಿದವಳು ನಾನು ಕಣೆ. ಕೆಲಸ ಕಳ್ಕೊಂಡವರು ಅದನ್ನ ಓದಿದವರು. ನಿಮ್ಮಪ್ಪನ ಮುಂದೆ ಇಷ್ಟು ವರ್ಷ ತಲೆ ತಗ್ಗಿಸಿ ಓಡಾಡಿದೆ. ಅವರಿಗೆ ಎಲ್ಲಾ ಗೊತ್ತಿತ್ತು ನೋಡು."

ಹುಡುಗಿ ಅವಳ ಪಕ್ಕದಲ್ಲೇ ಕುಕ್ಕರಿಸಿದಳು. "ಕಿವಿ ಮೇಲೆ ಪೆನ್ಸಿಲ್ ಇಟ್ಕೊಂಡ ಒಬ್ರು, ಅವರೇನಾ? ಹೋದ ವಾರ ಬಂದಿದ್ರು. ಅಪ್ಪ ಹೋದ ಸುದ್ದಿ ಈಗ ತಿಳೀತಂತೆ. ಅಪ್ಪನ ಫೋಟೋ ಕೆಳಗಿನ ಕಾಗುಣಿತ ತಿದ್ದಿ ಹೋದ್ರು ಮಾರಾಯ್ತಿ!"

ಪ್ರೂಫಕ್ಕ ಹಾಳೆಯನ್ನು ಮುಖಕ್ಕೆ ಅಡ್ಡ ಹಿಡಿದಳು. "ಹೇಗಿದಾರೆ?"

"ಕೂದಲೆಲ್ಲ ಬೆಳ್ಳಗೆ. ಅಂಗಿ ಕಾಲರ್ ನೋಡಿದ್ರೇ ಗೊತ್ತಾಗತ್ತೆ, ಒಗೆದದ್ದೂ ಅವರೇ, ಇಸ್ತ್ರಿ ಸುಟ್ಟದ್ದೂ ಅವರೇ. ಎರಡನೇ ಭಾಗ ಬಂದ್ರೆ ಒಂದು ಪ್ರತಿ ಕಳಿಸಿ ಅಂತ ವಿಳಾಸ ಬರೆದುಕೊಟ್ಟಿದಾರೆ. 'ಆ ಹುಡುಗಿ ಏನಂದ್ಲು ಅಂತ ತಿಳ್ಕೋಬೇಕು' ಅಂದ್ರು."

"ನನ್ನ ಕೇಳಿದ್ರಾ?"

"ಇಲ್ಲ. ಹೊರಡೋವಾಗ ನಿಮ್ಮ ಬೀದಿ ಕಡೆ ಎರಡು ಸಲ ನೋಡಿದ್ರು. ಅಷ್ಟೇ."

ಹುಡುಗಿ ವಿಳಾಸದ ಚೀಟಿ ಕೊಟ್ಟು ಹೋದಳು. ಪ್ರೂಫಕ್ಕ ಒಳಗೆ ಬಂದು ಪ್ರಾರ್ಥನಾ ಪುಸ್ತಕ ತೆರೆದಳು. ಪತ್ರದ ಮಡಿಕೆಗಳು ಹಳದಿಯಾಗಿದ್ದವು. ಸ್ಟೂಲಿನ ಎದುರು ಕೂತು ಅದನ್ನು ಗಟ್ಟಿಯಾಗಿ ಓದಿದಳು. ಜೀವಮಾನವೆಲ್ಲ ಕೇಳಿಸಿಕೊಂಡವಳು ಇನ್ನೊಬ್ಬರಿಗಾಗಿ ಓದಿದ್ದು ಅದೇ ಮೊದಲು.

"ಬರೆದು ಸೇರಿಸಿದವಳು ನಾನು. ಫೋರ್‌ಮನ್‌ಗೆ ಹೇಳುವ ಧೈರ್ಯವಾಗಲಿಲ್ಲ, ಕ್ಷಮಿಸಿ. ನೀವು ಕೇಳಿದ್ದು ನನ್ನನ್ನು ಎಂದು ಪುಸ್ತಕ ಕೈಗೆ ಬಂದಾಗ ತಿಳಿಯಿತು. ಬರುತ್ತೇನೆ."

ಎದುರಿನಿಂದ ಯಾವ ದನಿಯೂ ಬರಲಿಲ್ಲ. ದೇವರು ಏನೂ ಹೇಳಲಿಲ್ಲವೆಂದು ಇಷ್ಟು ವರ್ಷ ಮುನಿಸಿಕೊಂಡಿದ್ದಳು. ದೇವರೂ ಇವಳ ಬಾಯಿಂದ ಇದನ್ನೇ ಕೇಳಲು ಪಾಪ ಕಾದು ಕೂತಿದ್ದನೋ ಏನೋ.

ಅವಳು ಪೆನ್ನು ತೆಗೆದಳು. ಹಸ್ತಪ್ರತಿಯಲ್ಲಿ ದೀಪ ಕಾಯುವವನ ಮಗಳು ಬಾಗಿಲು ತೆರೆದು ಹೊರಗೆ ಬಂದಳು. ಸಿಪಾಯಿ ಮೊದಲ ಸಲ ಬೀದಿಯ ಕಡೆಯಿಂದ ಮುಖ ತಿರುಗಿಸಿದ.

ಪತ್ರದ ಕೆಳಗೆ ಅವಳು ಬರೆದಳು: "ಇದು ನಿಮ್ಮ ಕಾರ್ಡ್ ಬಂದಾಗಲೇ ಬರೆದದ್ದು. ಒಂದಕ್ಷರವೂ ತಿದ್ದಿಲ್ಲ. ಈಗ ಐವತ್ತಮೂರು, ಮೆಟ್ಟಿಲು ಹತ್ತಿದರೆ ಮಂಡಿ ನೋಯುತ್ತದೆ. ನಾನೂ ನನ್ನ ದೇವರೂ, ಇಬ್ಬರೂ ಬರುತ್ತೇವೆ. ಜಾಗ ಇನ್ನೂ ಇದೆಯೇ?"

ಪೋಸ್ಟ್ ಆಫೀಸಿನ ಕಿಟಕಿಯೊಳಗಿನ ಹುಡುಗಿ ಲಕೋಟೆಯನ್ನು ತಿರುಗಿಸಿ ನೋಡಿದಳು.

"ಅರ್ಜೆಂಟಾ ಅಮ್ಮಾ, ಸಾದಾನಾ?"

"ಅರ್ಜೆಂಟ್," ಎಂದಳು ಪ್ರೂಫಕ್ಕ. ಮುದ್ರೆ ಬಿದ್ದ ಸದ್ದು ಕೇಳುವವರೆಗೂ ಕಿಟಕಿ ಬಿಟ್ಟು ಕದಲಲಿಲ್ಲ.