ಹಾರ್ಲನ್ ದೋಣಿಯಲ್ಲಿ ಬಾಳೆಹಣ್ಣು

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಫ್ಲೋರಿಡಾದ ಈ ಕೆರೆಯಲ್ಲಿ ಜನರಿಗೆ ದೊಡ್ಡ ಬಾಸ್ ಮೀನು ಹಿಡಿಸಿಕೊಡುವ ಗೈಡ್ ನಾನು. ಕಸುಬು ಕಲಿಸಿದವನು ಮುದುಕ ಹಾರ್ಲನ್, ದೋಣಿಯೂ ಅವನದ್ದೇ. ದೋಣಿಗೆ ಬಾಳೆಹಣ್ಣು ತಂದರೆ ಮೀನು ಹತ್ತಿರ ಸುಳಿಯುವುದಿಲ್ಲವೆಂದು ನಮ್ಮವರ ನಂಬಿಕೆ. ಯಾರಾದರೂ ತಂದರೆ ಹಾರ್ಲನ್ ಬೈದು, ಹಣ್ಣು ಮುರಿದು, ಅರ್ಧ ಎಡಕ್ಕೆ, ಅರ್ಧ ಬಲಕ್ಕೆ ಎಸೆಯುತ್ತಿದ್ದ. ಆಮೇಲೆ ಮೀನಿನ ಬಾಯಿಂದ ಗಾಳ ಕೀಳುವ ಇಕ್ಕಳದಿಂದ ದೋಣಿಯಂಚಿಗೆ ಟಣ್ ಟಣ್ ಟಣ್. ಅವನು ಸತ್ತ ಮೇಲೆ ಆ ಸದ್ದಿಲ್ಲದೆ ಕೆರೆಯೇ ಬಿಕೋ ಎನ್ನುತ್ತಿತ್ತು.

ಕಳೆದ ಚಳಿಗಾಲ ಮಾರ್ಲೀನ್ ಎಂಬ ಅಜ್ಜಿ ಬಂದರು. ಹತ್ತು ಪೌಂಡಿನ ಬಾಸ್ ಹಿಡಿಯುವುದು ಅವರ ಜೀವಮಾನದ ಆಸೆ. ಇದೇ ಕೊನೇ ಸಲವೆಂದರು. ಮಧ್ಯಾಹ್ನವಾದರೂ ಒಂದೂ ಕಚ್ಚಲಿಲ್ಲ.

“ಏನ್ ಕ್ಯಾಪ್ಟನ್, ನಿಮ್ ಮೀನೆಲ್ಲ ಉಪವಾಸ ಕೂತಿದಾವಾ?”

“ನಿಜ ಹೇಳಿ ಮೇಡಂ, ಬ್ಯಾಗಲ್ಲಿ ಬಾಳೆಹಣ್ಣಿದೆಯಾ?”

ಅವರು ಬ್ಯಾಗ್ ತೆರೆದು ನೋಡಿ, ನಾಲಿಗೆ ಕಚ್ಚಿಕೊಂಡು ಮತ್ತೆ ಜಿಪ್ ಎಳೆದರು. “ಒಂದೇ ಒಂದು ಕಣಪ್ಪಾ! ಈಗಷ್ಟೇ ಕಂಡೆ.”

ಆಗಲೇ ಮುಂದಿನ ಖಾಲಿ ಸೀಟಿನಿಂದ ತಣ್ಣನೆ ಗಾಳಿ ಬಂತು, ಹಾರ್ಲನ್ ಜಗಿಯುತ್ತಿದ್ದ ತಂಬಾಕಿನ ವಾಸನೆ ಹೊತ್ತು. ಟಣ್ ಟಣ್ ಟಣ್. ಅವನ ಇಕ್ಕಳ ನನ್ನ ಸೊಂಟದಲ್ಲೇ ಇತ್ತು. ಮರುಕ್ಷಣ ಅಜ್ಜಿಯ ಗಾಳದ ಕೋಲು ಬಾಗಿತು.

ಹನ್ನೊಂದು ಪೌಂಡ್! ಅಜ್ಜಿ ಅದಕ್ಕೆ ಮುತ್ತಿಟ್ಟು, ಅಳುತ್ತಲೇ ನೀರಿಗೆ ಬಿಟ್ಟರು. ನಂತರ ಹಣ್ಣು ಎಸೆಯಲು ಬ್ಯಾಗಿನ ಜಿಪ್ ತೆಗೆದರು. ಹಣ್ಣಿರಲಿಲ್ಲ.

ದೋಣಿಯ ಎಡಕ್ಕೆ ಅರ್ಧ, ಬಲಕ್ಕೆ ಅರ್ಧ ತೇಲುತ್ತಿತ್ತು. ನಾವು ದಡ ಮುಟ್ಟುವವರೆಗೂ ಎರಡೂ ನಮ್ಮ ಜೊತೆಜೊತೆಗೇ ಬಂದವು.