ಅಮಾವಾಸ್ಯೆಯ ಕಾರುದೀಪ

ಏಟು ಬಿದ್ದದ್ದಕ್ಕಿಂತ ಅದನ್ನು ನಾಗವೇಣಿ ನೋಡಿಬಿಟ್ಟಳಲ್ಲ, ಆ ಉರಿ ಮುತ್ತುರಾಜನಿಗೆ ಇಳಿಯಲೇ ಇಲ್ಲ. ನೇಮಕಲ್ಲು ಆಂಜನೇಯನ ಗುಡಿ ಮುಂದೆ, ಅಷ್ಟು ಜನರ ನಡುವೆ, ಹೆಂಡತಿಯ ಎದುರಿಗೇ ಧಣಿ ಪಾಲಯ್ಯ ಅವನ ಕೆನ್ನೆಗೆ ಬಾರಿಸಿದ್ದ. ತಪ್ಪೇನು? ಹಳೇ ಕಾರಿನ ದೀಪದ ಗಾಜಿಗೆ ಮಸಿ ಹಿಡಿದಿತ್ತು. ಬತ್ತಿ ಎತ್ತರಿಸಿದವನು ಪಾಲಯ್ಯನೇ. ಆದರೆ ಧಣಿಯ ತಪ್ಪು ತೀರುವುದು ಆಳಿನ ಕೆನ್ನೆಯ ಮೇಲೆ ತಾನೇ! ಅವತ್ತಿನಿಂದ ಹೆಂಡತಿಯ ಮುಖವನ್ನು ನೆಟ್ಟಗೆ ನೋಡಲು ಅವನಿಗೆ ಆಗುತ್ತಿರಲಿಲ್ಲ.

ರಾಯದುರ್ಗದಲ್ಲಿ ಆ ಕಾರೆಂದರೆ ಪಾಲಯ್ಯನ ಜೀವ. ಅಜ್ಜನ ಕಾಲದ್ದು, ಮುಂದೆರಡು, ಹಿಂದೊಂದು ಹಿತ್ತಾಳೆ ದೀಪ, ಎಲ್ಲವೂ ಸೀಮೆಎಣ್ಣೆಯವು. ಬತ್ತಿ ಕತ್ತರಿಸುವುದು, ಮಸಿ ಕೆರೆಯುವುದು, ಎಣ್ಣೆ ತುಂಬುವುದು ಮುತ್ತುರಾಜನ ಪಾಲು. ಹಚ್ಚುವುದು ಮಾತ್ರ ಧಣಿಯೇ. ಅಮಾವಾಸ್ಯೆ ಸಂಜೆ ಕಾರಿಗೆ ಪೂಜೆ ಮಾಡಿ, ಕಣ್ಣು ಮಂಜಾದ ಮುದುಕ ದೀಪಕ್ಕೆ ಮುಖ ತಾಗಿಸುವಷ್ಟು ಬಾಗಿ ಕಡ್ಡಿ ಗೀರುತ್ತಿದ್ದ. ಆ ಕಡ್ಡಿಯನ್ನು ಇನ್ನೊಬ್ಬರ ಕೈಗೆ ಕೊಟ್ಟವನಲ್ಲ.

ಮುತ್ತುರಾಜ ಅವಸರಪಡಲಿಲ್ಲ. ಅಮಾವಾಸ್ಯೆಗಳು ಕಳೆದವು. ದೀಪಗಳನ್ನು ಹುಣಸೆಹಣ್ಣು ಹಚ್ಚಿ ಫಳಫಳ ತಿಕ್ಕಿ, "ಈಗ ಬುದ್ಧಿ ಬಂತು ನೋಡಲೇ" ಅನ್ನಿಸಿಕೊಂಡ. ಹಲ್ಲು ಕಚ್ಚಿ ನಕ್ಕ. ಕೊನೆಗೊಂದು ಅಮಾವಾಸ್ಯೆಯ ಮಧ್ಯಾಹ್ನ ಸೀಮೆಎಣ್ಣೆ ಬಸಿದು, ಎಲ್ಲ ದೀಪಗಳಿಗೂ ಪೆಟ್ರೋಲ್ ತುಂಬಿದ. ಕಾರಿನ ಹತ್ತಿರ ಪೆಟ್ರೋಲ್ ನಾತ ಬಂದರೆ ಯಾರು ಮೂಗು ಅರಳಿಸುತ್ತಾರೆ? ಪೆಟ್ರೋಲ್ ಡಬ್ಬಿಯನ್ನು ಮುದುಕನ ಕೈಗೆಟಕುವ ಹಲಗೆಯ ಮೇಲಿಟ್ಟ. ಕಣ್ಣು ಕಾಣದವನು ತಾನೇ ಎಣ್ಣೆ ಹೊಯ್ಯಲು ಹೋಗಿ ಡಬ್ಬಿ ಅದಲುಬದಲು ಮಾಡಿಕೊಂಡ, ಪಾಪ, ಅಂತ ಜನ ಮರುಗುತ್ತಾರೆ. ಪೊಲೀಸರೂ ಇದನ್ನೇ ನಂಬುತ್ತಾರೆ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅನ್ನುವ ಪೈಕಿ ಅವನಲ್ಲ. ಹಾವು ಸಾಯಲೇಬೇಕು, ಕೋಲು ಮಾತ್ರ ಮುರಿಯಬಾರದು. "ಮಡಕಶಿರದಾಗ ಹಳೇ ಗಾಜು ಸಿಗ್ತಾವಂತ್ರಿ, ತರ್ತೀನ್ರಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಬಸ್ಸು ಹತ್ತಿದ. ಟಿಕೆಟ್ಟನ್ನು ಜೇಬಿನಲ್ಲಿ ಜೋಪಾನ ಮಾಡಿದ.

ಮಡಕಶಿರದ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಹೊತ್ತು ಮುಳುಗುತ್ತಿತ್ತು. ಫೋನು ಹೊಡೆದುಕೊಂಡಿತು. ಪಾಲಯ್ಯನ ಹೆಂಡತಿ ಹಂಪಕ್ಕ, ವಿಡಿಯೋ ಕಾಲ್. ಸುದ್ದಿ ಬಂತು ಅಂದುಕೊಂಡು ಅಳುಮುಖ ಮಾಡಿಕೊಂಡೇ ಎತ್ತಿದ. ಹಂಪಕ್ಕ ನಗುತ್ತಿದ್ದಳು. "ಮುತ್ತು, ಬಳ್ಳಾರ್‍ಯಾಗ ಸೊಸಿಗೆ ಈಗಷ್ಟೇ ಗಂಡು ಕೂಸು ಹುಟ್ಟೇತಪ್ಪ! ಮನಿಗೆ ಪುರುಡು ಬಂತು, ನಾವ್ಯಾರೂ ಪೂಜಿ ದೀಪ ಮುಟ್ಟಂಗಿಲ್ಲ. ಅಮಾಸಿ ದೀಪ ತಪ್ಪಬಾರದಲ್ಲ, ಅದಕ್ಕ ಹೊರಗಿನ ಮುತ್ತೈದಿ ಕೈಲೆ ಹಚ್ಚಿಸೋಣಂತ ನಿನ್ನ ಹೆಂಡ್ತೀನ ಕರಸೀವಿ. ನೋಡಿಲ್ಲಿ." ಎಲ್ಲವನ್ನೂ ಲೆಕ್ಕ ಹಾಕಿದವನು ಬಸುರಿ ಸೊಸೆಯನ್ನು ಮರೆತಿದ್ದ. ಪರದೆಯಲ್ಲಿ ನಾಗವೇಣಿ ದೀಪಕ್ಕೆ ಬಾಗಿದ್ದಳು, ಕಡ್ಡಿ ಬೆಂಕಿಪೊಟ್ಟಣಕ್ಕೆ ತಾಗಿತ್ತು. "ಹಚ್ಚಬ್ಯಾಡ ನಾಗವೇಣಿ! ಅದರಾಗ ಪೆಟ್ರೋಲ್ ಐತಿ!" ಬಸ್ ಸ್ಟ್ಯಾಂಡೇ ತಿರುಗಿ ನೋಡುವಂತೆ ಕಿರುಚಿದ. ಕಡ್ಡಿ ಅವಳ ಕೈಯಿಂದ ಜಾರಿ ಬಿತ್ತು. ಆಮೇಲೆ ಪಾಲಯ್ಯ ಫೋನನ್ನು ಮುಖದ ಹತ್ತಿರ ತಂದುಕೊಂಡು ಮೆಲ್ಲಗೆ ಕೇಳಿದ: "ಮಡಕಶಿರದಾಗ ಇರೋ ನಿನಗ ಹೆಂಗ ಗೊತ್ತಾತಲೇ?"