ಎರಿ ಮಣ್ಣಿನ್ಯಾಗ ಜಾಕ್

“ಇಳೀರಿ ಎಲ್ಲಾರೂ. ಐದು ನಿಮಿಷದ ಕೆಲಸ,” ಅಂದ ಬಸವಲಿಂಗ.

ಎಲ್ಲರೂ ಎಂದರೆ ಇಬ್ಬರೇ, ಅವನ ಮಗಳು ಯಶೋಧಾ ಮತ್ತು ಅವನ ತಾಯಿ ಬಸವಂತಮ್ಮ. ಕಾರಿನ ಹಿಂದಿನ ಟೈರು ಪುಸ್ಸೆಂದು ಕೂತುಬಿಟ್ಟಿತ್ತು. ಕಲ್ಲೂರು ದಾಟಿಯಾಗಿತ್ತು, ರಾಯಚೂರು ಇನ್ನೂ ದೂರ. ಎರಡೂ ಕಡೆ ಗದ್ದೆ, ಗದ್ದೆಯ ತುಂಬ ಮಂಜು. ವರ್ಷವೆಲ್ಲ ನೆತ್ತಿ ಸುಡುವ ಸೀಮೆಯಲ್ಲಿ ಚಳಿಗೆ ಯಾರು ತಯಾರಿರುತ್ತಾರೆ? ಮನೆಗೆಲ್ಲ ಸೇರಿ ಇದ್ದದ್ದು ಒಂದೇ ಸ್ವೆಟರ್. ಅದು ಯಶೋಧಾಳ ಮೈಮೇಲಿತ್ತು. ಅಪ್ಪ ಕಿವಿಗೆ ಟವೆಲ್ ಸುತ್ತಿಕೊಂಡಿದ್ದ.

“ನಾ ಇಳ್ಯಂಗಿಲ್ಲ. ನನ್ನ ಸಮೇತ ಎತ್ತು,” ಅಂದಳು ಅಜ್ಜಿ ಒಳಗಿನಿಂದಲೇ.

ಎಂಟು ಗಂಟೆಗೆ ರಾಯಚೂರಿನ ಮೈದಾನದಲ್ಲಿ ಜಿಲ್ಲಾ ಖೋಖೋ ತಂಡದ ಆಯ್ಕೆ. ಹೆಸರು ಕರೆದಾಗ ಇಲ್ಲದವರು ಸೀದಾ ಮನೆಗೆ. ನೀರಮಾನ್ವಿ ಶಾಲೆಯ ಉಳಿದ ಹುಡುಗಿಯರು ಮಾಸ್ತರ ಜೊತೆ ಬಸ್ಸಿನಲ್ಲಿ ಹೊರಟಿದ್ದರು. ಮನೆಯಲ್ಲಿ ಕಾರಿರುವಾಗ ನನ್ನ ಮಗಳು ಬಸ್ಸಿನಲ್ಲಿ ನಿಂತು ಹೋಗಬೇಕೇ ಎಂದು ಅಪ್ಪ ಓಣಿಗೆಲ್ಲ ಕೇಳುವ ಹಾಗೆ ಹೇಳಿದ್ದ. ಹಳೆಯ ಕಾರು, ಆದರೂ ಮನೆಗೆ ಬಂದದ್ದು ಈ ದಸರಾಕ್ಕೆ.

ಅಷ್ಟರಲ್ಲಿ ಆ ಬಸ್ಸೇ ಹಾರ್ನ್ ಹೊಡೆಯುತ್ತ ಬಂತು. ಯಶೋಧಾ ಎರಡೂ ಕೈ ಎತ್ತಿ ಕುಣಿದಳು. ಟಾಟಾ ಮಾಡುತ್ತಿದ್ದಾಳೆಂದುಕೊಂಡು ಗೆಳತಿ ಜಾಹೆದಾ ಕಿಟಕಿಯಿಂದ ಟಾಟಾ ಮಾಡಿದಳು. ಬಸ್ಸು ಮಂಜಿನೊಳಗೆ ಮಾಯವಾಯಿತು.

“ಕಾರ್ ಎಷ್ಟ್ ಆರಾಮ್ ಅದ ನೋಡಪ್ಪಾ,” ಅಂದಳು ಯಶೋಧಾ. “ಒಂದೀಟೂ ಅಲುಗಾಡವಲ್ದು.”

ಅವಳ ನಾಲಿಗೆಯೇ ಹಾಗೆ. ಅವಳು ಬಾಯಿ ತೆಗೆದರೆ ಕ್ಲಾಸಿಗೆ ಕ್ಲಾಸೇ ನಗುತ್ತಿತ್ತು. ಮಾತು ಯಾರ ಮೇಲೆ ಬಿತ್ತೋ ಅವರೂ ನಗುತ್ತಿದ್ದರು. ಅದು ಅವಳಿಗೆ ದೊಡ್ಡ ಹೆಮ್ಮೆ.

ಅಪ್ಪ ಡಿಕ್ಕಿಯಿಂದ ಸ್ಟೆಪ್ನಿ ಇಳಿಸಿದ. ಆಯುಧಪೂಜೆಯ ಕುಂಕುಮ ಅದರ ಮೇಲೆ ಇನ್ನೂ ಹಾಗೇ ಇತ್ತು.

“ಬರೀ ಪೂಜಾ ಮಾಡಿದ್ಯೋ, ಗಾಳಿನೂ ಹಾಕ್ಸಿದ್ಯೋ?” ಅಂದಳು ಯಶೋಧಾ.

“ಗಾಳಿ ಅದ,” ಅಂದ ಅಪ್ಪ, ಒತ್ತಿ ನೋಡಿ. ಅವನಿಗೂ ಈಗಲೇ ಗೊತ್ತಾದಂತಿತ್ತು.

ಟ್ರ್ಯಾಕ್ಟರುಗಳಿಗೆ ಅಡ್ಡವಾಗಬಾರದೆಂದು ಅವನು ಕಾರನ್ನು ರಸ್ತೆಯ ಕೆಳಗೆ ಇಳಿಸಿದ್ದ. ಅಲ್ಲಿಯೇ ಜಾಕ್ ಇಟ್ಟು ತಿರುವಿದ. ಮೇಲೆ ಹೋಗಬೇಕಾದದ್ದು ಕಾರು. ಕೆಳಗೆ ಹೋದದ್ದು ಜಾಕ್. ಗದ್ದೆಗೆ ಬಿಟ್ಟ ಕಾಲುವೆ ನೀರು ಅಂಚಿನವರೆಗೂ ಜಿನುಗಿ, ಕಪ್ಪು ಎರೆಮಣ್ಣು ಬೆಣ್ಣೆಯ ಹಾಗಾಗಿತ್ತು. ಹುಟ್ಟಿದಾಗಿನಿಂದ ಎರೆಮಣ್ಣು ತುಳಿದ ಮನುಷ್ಯ ಅದೇ ಮಣ್ಣಿನ ಮೇಲೆ ಜಾಕ್ ಇಟ್ಟಿದ್ದ. ಸ್ಟೀರಿಂಗ್ ಕೈಗೆ ಬಂದ ಮೇಲೆ ಮಣ್ಣು ಮರೆತು ಹೋಗಿತ್ತೇನೋ.

“ಇನ್ನೀಟು ತಿರುವಪ್ಪಾ,” ಅಂದಳು ಯಶೋಧಾ. “ನೀರು ಬಿದ್ರ ಬೋರ್‌ವೆಲ್ ಆಗ್ತದ.”

ಅಪ್ಪ ಜಾಕ್ ಕಿತ್ತು ಮತ್ತೊಂದು ಕಡೆ ಇಟ್ಟ. ಅಲ್ಲಿಯೂ ಹೂತಿತು. ಜಾಕಿನ ಅಡಿಗೆ ಇಡಲು ಕಲ್ಲು ಹುಡುಕಿದ. ಎರೆ ಹೊಲದಲ್ಲಿ ಕಲ್ಲೆಲ್ಲಿ ಬರಬೇಕು?

ಆಗ ಮಂಕಿ ಟೋಪಿ ಹಾಕಿಕೊಂಡ ಇಬ್ಬರು ಬೈಕ್ ನಿಲ್ಲಿಸಿದರು. ಸಹಾಯಕ್ಕಲ್ಲ, ನೋಡಲಿಕ್ಕೆ.

“ಏನ್ರಿ ಸಾವಕಾರ್ರ, ಕಾರ್ ನಾಟಿ ಹಚ್ಚಾಕತ್ತೀರೇನು?” ಅಂದ ಮುಂದಿನವನು.

“ಹಚ್ಚಲಿ ಬಿಡು. ಉಗಾದಿಗೆ ಹತ್ತು ಕಾರ್ ಕೊಯ್ತಾರ,” ಅಂದ ಹಿಂದಿನವನು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮಾತು ಚೆನ್ನಾಗಿತ್ತು. ತನಗೆ ಹೊಳೆಯಲಿಲ್ಲವಲ್ಲ ಎಂದು ಯಶೋಧಾಳಿಗೆ ಹೊಟ್ಟೆಕಿಚ್ಚೇ ಆಯಿತು. ನಗುತ್ತ ಅಪ್ಪನ ಕಡೆ ನೋಡಿದಳು.

ಅಪ್ಪನೂ ನಗುತ್ತಿದ್ದ. ಹಲ್ಲು ಕಾಣುತ್ತಿತ್ತು, ಅಷ್ಟೇ. ಕಣ್ಣು ಜಾಕ್ ಮೇಲಿತ್ತು.

ಇಂಥ ನಗು ಅವಳು ಮೊದಲೂ ನೋಡಿದ್ದಳು. ಮೊನ್ನೆ ಕ್ಲಾಸಿನಲ್ಲಿ ತಾನು ಜಾಹೆದಾಳ ಹರಿದ ಬ್ಯಾಗಿನ ಮೇಲೆ ಮಾತು ಬಿಟ್ಟಾಗ ಜಾಹೆದಾ ನಕ್ಕದ್ದೂ ಹೀಗೆಯೇ. ಆಗ ಯಶೋಧಾ ಅವಳ ಹಲ್ಲನ್ನಷ್ಟೇ ನೋಡಿದ್ದಳು.

ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು. ಬೈಕಿನವರ ಮೇಲೋ, ತನ್ನ ಮೇಲೋ, ಅದು ಮಾತ್ರ ತಿಳಿಯಲಿಲ್ಲ.

“ಕೈ ಹಚ್ಚೂದಿದ್ರ ಇಳೀರಿ. ಇಲ್ಲಂದ್ರ ಹೋಗ್ರಿ,” ಅಂದಳು.

ಚಳಿಯಲ್ಲಿ ಕೈ ಹೊರಗೆ ತೆಗೆಯಲು ಯಾರಿಗೆ ಬೇಕಾಗಿದೆ? ಇಬ್ಬರೂ ಹೋದರು.

ಅಜ್ಜಿ ಕಿಟಕಿಯಿಂದ ಒಂದು ಮಣೆ ಚಾಚಿದಳು. ಅವಳು ರಾಯಚೂರಿನ ಮಗಳ ಮನೆಗೆ ಹೊರಟಿದ್ದಳು. ಅಲ್ಲಿ ಕುರ್ಚಿ, ಟೇಬಲ್ಲು ಎಲ್ಲ ಇದ್ದವು. ಕಾಲು ಇಳಿಬಿಟ್ಟುಕೊಂಡು ಉಂಡರೆ ಉಂಡಂತೆಯೇ ಅಲ್ಲ ಎಂದು ಅಜ್ಜಿ ಎಲ್ಲಿ ಹೋದರೂ ತನ್ನ ತೇಗದ ಮಣೆಯನ್ನು ಒಯ್ಯುತ್ತಿದ್ದಳು.

“ಇದನ್ನ ಜಾಕಿನ ಅಡಿಗೆ ಇಡೋ ಬಸ್ಯಾ.”

“ಬ್ಯಾಡ ಯವ್ವಾ, ನೀ ಉಣ್ಣಾಕ ಕೂಡೋ ಮಣಿ.”

“ತೊಳದ್ರ ಹೋಗ್ತದ. ಹುಡುಗಿಗೆ ಹೊತ್ತಾಗಾಕತ್ತದ.”

ಯಶೋಧಾ ಮಣೆ ಇಸಿದುಕೊಂಡು, ಮೊಣಕಾಲೂರಿ ಕಾರಿನ ಕೆಳಗೆ ಕೈ ಹಾಕಿ ಅದನ್ನು ಜಾಕಿನ ಅಡಿಗೆ ಇಟ್ಟಳು. ಮಣ್ಣು ಐಸಿನಷ್ಟು ತಣ್ಣಗಿತ್ತು. ಅಪ್ಪ ಇಷ್ಟು ಹೊತ್ತು ಇದರೊಳಗೆ ಕೈ ಇಟ್ಟುಕೊಂಡಿದ್ದ.

“ಸರಿ ಆ ಕಡೆ, ಸ್ವೆಟರ್ ಹೊಲಸಾಗ್ತದ,” ಅಂದ ಅಪ್ಪ.

“ಆಗ್ಲಿ. ನೀ ತಿರುವು.”

ಕಾರು ನಿಧಾನಕ್ಕೆ ಎದ್ದಿತು, ಒಳಗೆ ಪಲ್ಲಕ್ಕಿಯಲ್ಲಿ ಕೂತಂತಿದ್ದ ಅಜ್ಜಿಯ ಸಮೇತ. ಅಪ್ಪ ನಟ್ಟು ಬಿಚ್ಚಿದ, ಟೈರು ಬದಲಿಸಿದ, ಮತ್ತೆ ಬಿಗಿದ. ಯಶೋಧಾ ಒಂದೊಂದೇ ನಟ್ಟು ಒರೆಸಿ ಕೊಟ್ಟಳು.

ಮೈದಾನ ಮುಟ್ಟುವಾಗ ಹೆಸರು ಕರೆಯುವುದು ಮುಗಿಯುತ್ತ ಬಂದಿತ್ತು.

“ಬಂದ್ರೇನು ಮಹಾರಾಣಿ?” ಅಂದರು ಮಾಸ್ತರು. “ನಿನ್ನ ಹೆಸರು ಕೊನೀಗೆ ಕರೀರಿ ಅಂತ ಕೈ ಮುಗದೀನಿ. ಕಾರ್‌ನ್ಯಾಗ ಬಂದವರು ಬಸ್ಸಿಗಿಂತ ಲೇಟಾ?”

ಹುಡುಗಿಯರೆಲ್ಲ ಹತ್ತಿರ ಸರಿದರು. ಯಶೋಧಾ ಈಗ ಏನೋ ಒಂದು ಬಿಡುತ್ತಾಳೆ ಎಂದು ಅವರಿಗೆ ಗೊತ್ತಿತ್ತು. ಬಿಡಲು ಅವಳ ಹತ್ತಿರ ಬೇಕಾದಷ್ಟಿತ್ತು. ಬೋರ್‌ವೆಲ್ಲು, ಕಾರಿನ ನಾಟಿ, ಮೇಲೆದ್ದ ಅಜ್ಜಿ. ಹೇಳಿದರೆ ಮೈದಾನವೇ ಬಿದ್ದು ಬಿದ್ದು ನಗುತ್ತಿತ್ತು. ಗೇಟಿನ ಹತ್ತಿರ ಅಪ್ಪ ತಲೆ ತಗ್ಗಿಸಿ, ಒರೆಸಿದ ಕೈಯನ್ನೇ ಮತ್ತೆ ಮತ್ತೆ ಟವೆಲಿಗೆ ಒರೆಸುತ್ತಿದ್ದ.

“ಟಾಯರ್ ಪಂಚರ್ ಆಗಿತ್ರಿ ಸರ್,” ಅಂದಳು ಯಶೋಧಾ, ಗೇಟಿನವರೆಗೆ ಕೇಳುವ ಹಾಗೆ. “ನಮ್ಮಪ್ಪ ಬದಲ್ ಮಾಡಿದ.”

“ಮುಂದ?” ಅಂದಳು ಜಾಹೆದಾ, ನಗಲು ತಯಾರಾಗಿ.

“ಮುಂದೇನಿಲ್ಲ. ಬಂದ್ವಿ.”

ಅಪ್ಪ ಕೈ ಒರೆಸುವುದನ್ನು ನಿಲ್ಲಿಸಿ ತಲೆ ಎತ್ತಿದ.